ಒಲೆ ದೇವರ ಬಾಯಿಗೆ ಅಂಟು ಮಿಠಾಯಿ

ಪತ್ರ: ಮಗ ಕೆಲಸದ ಮೇಲೆ ಬೀಜಿಂಗ್‌ನಲ್ಲಿದ್ದಾನೆ. ಅಲ್ಲಿ ಹೊಸ ವರ್ಷಕ್ಕೆ ವಾರವಿರುವಾಗ ಅಡುಗೆಮನೆ ದೇವರ ಪಟದ ಬಾಯಿಗೆ ಮಿಠಾಯಿ ಮೆತ್ತುತ್ತಾರಂತೆ, ಮೇಲೆ ಹೋಗಿ ಚಾಡಿ ಹೇಳದಿರಲಿ ಅಂತ. ದೇವರಿಗೇ ಲಂಚವೇ? ಹಬ್ಬದ ದಿನ ಕಸ ಗುಡಿಸಬಾರದು ಅಂತಲೂ ಮನೆ ಓನರ್ ಹೇಳಿದ್ದಾರಂತೆ. ಏನಿದೆಲ್ಲ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಲಂಚ ಅಂತ ಚೀನೀಯರೇ ತಮಾಷೆ ಮಾಡುತ್ತಾರೆ, ನೀವು ಬೇಜಾರಾಗಬೇಡಿ. ಈ ದೇವರ ಹೆಸರು ಝಾವೊ ವಾಂಗ್. ಕೆಲಸ ನಮ್ಮ ಹಳೇ ಶಾನುಭೋಗರದು: ಮನೆಯಲ್ಲಿ ಯಾರು ಏನು ಮಾಡಿದರು ಅನ್ನುವ ಲೆಕ್ಕ ಇಟ್ಟುಕೊಂಡು ವರ್ಷಕ್ಕೊಮ್ಮೆ ಸ್ವರ್ಗದ ದೊರೆಗೆ ಒಪ್ಪಿಸುವುದು. ಉತ್ತರ ಚೀನಾದಲ್ಲಿ ಅವರ ಚಾಂದ್ರಮಾನ ಪಂಚಾಂಗದ ಹನ್ನೆರಡನೇ ತಿಂಗಳ 23ಕ್ಕೆ, ದಕ್ಷಿಣದ ಬಹಳ ಕಡೆ 24ಕ್ಕೆ ಅವನ ಪ್ರಯಾಣ.

ವರ್ಷವಿಡೀ ಒಲೆಯ ಹೊಗೆ ಕುಡಿದು ಪಟ ಕಪ್ಪಾಗಿರುತ್ತದೆ. ಅದಕ್ಕೆ ಬಾರ್ಲಿ (ಜವೆಗೋಧಿ) ಮೊಳಕೆ, ಕಿರುಧಾನ್ಯಗಳಿಂದ ಮಾಡಿದ ಮಿಠಾಯಿ ಇಡುತ್ತಾರೆ. ಹೊರಗಿನ ಚಳಿಯಲ್ಲಿ ಕಟಕಟ ಮುರಿಯುವ ಮಿಠಾಯಿ, ಬಾಯಿಗೆ ಹಾಕಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ದೇವರ ಕುದುರೆಗೂ ಹುಲ್ಲು, ನೀರು ಇಡುವ ಮನೆಗಳಿದ್ದವು. ಆಮೇಲೆ ಪಟ ಕಿತ್ತು ಸುಡುತ್ತಾರೆ. ಹೊಗೆಯ ಜತೆ ಅವನು ಹೊರಟ. ಹಬ್ಬದ ಹಿಂದಿನ ರಾತ್ರಿ ಹೊಸ ಪಟ ಅಂಟಿಸಿದರೆ ವಾಪಸ್ ಬಂದ ಲೆಕ್ಕ.

ಬಾಯಿ ಕಟ್ಟುವುದಕ್ಕಷ್ಟೇ ಮಿಠಾಯಿ ಅಂತಲೂ ಅಲ್ಲ. ಸಿಹಿ ತಿಂದವನು ಸಿಹಿ ಮಾತೇ ಆಡಲಿ ಅನ್ನುವವರೂ ಇದ್ದಾರೆ. ನನಗೆ ವಿಚಿತ್ರ ಅನಿಸುವುದು ಬೇರೆ ವಿಷಯ. ಹಳೇ ಸಂಪ್ರದಾಯದಲ್ಲಿ ಈ ಪೂಜೆಯನ್ನು ಗಂಡಸರೇ ಮಾಡಬೇಕಿತ್ತು. ವರ್ಷವಿಡೀ ಒಲೆ ಮುಂದೆ ಬೆಂದವಳು ಪಕ್ಕಕ್ಕೆ ನಿಲ್ಲಬೇಕು. ಈಗ ಅಷ್ಟು ಕಟ್ಟುನಿಟ್ಟಿಲ್ಲ, ಬಿಡಿ.

ದೇವರು ಹೊರಟ ಮೇಲೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬೀಜಿಂಗ್ ಮಕ್ಕಳ ಹಾಡೊಂದು ದಿನಕ್ಕೊಂದು ಕೆಲಸ ಹೇಳುತ್ತದೆ. 24ಕ್ಕೆ ಧೂಳು ಹೊಡೆಯುವುದು, 25ಕ್ಕೆ ತೋಫು. ಆಮೇಲೆ ಮಾಂಸ, ಕೋಳಿ, ಹಿಟ್ಟು ಹುದುಗಿಸುವುದು, 29ಕ್ಕೆ ಆವಿಯಲ್ಲಿ ಬನ್ ಬೇಯಿಸುವುದು. ಹಿಂದೆ ಹಬ್ಬದ ಮೊದಲ ದಿನಗಳಲ್ಲಿ ಅಂಗಡಿ ತೆರೆಯುತ್ತಿರಲಿಲ್ಲ. ಅದಕ್ಕೇ ಮೊದಲೇ ರಾಶಿ ಅಡುಗೆ. ಹಾಡಿನಲ್ಲಿ ಮೂವತ್ತರ ರಾತ್ರಿ ಜಾಗರಣೆ ಅಂತಿದೆ, ಆದರೆ 2025ರಿಂದ 2029ರವರೆಗೆ ಆ ತಿಂಗಳಿಗೆ ಮೂವತ್ತನೇ ದಿನವೇ ಇಲ್ಲ! ನಮ್ಮ ಚಾಂದ್ರಮಾನದ ಹಾಗೆ ಅವರದೂ ಚಂದ್ರನ ಲೆಕ್ಕ, ಅಧಿಕ ಮಾಸವೂ ಉಂಟು. 2025ರ ಜನವರಿ 29ಕ್ಕೆ ನಮಗೆ ಅವರಾತ್ರಿ ಅಮಾವಾಸ್ಯೆ, ಅವರಿಗೆ ಹೊಸ ವರ್ಷ.

ಗುಡಿಸುವ ವಿಷಯಕ್ಕೆ ಬರೋಣ. ಓನರ್ ಹೇಳಿದ್ದು ಸರಿ. ಹಬ್ಬದ ದಿನ ಪೊರಕೆ ಹಿಡಿದರೆ ಬಂದ ಅದೃಷ್ಟ ಕಸದ ಜತೆ ಹೊರಗೆ ಹೋಗುತ್ತದೆ ಅನ್ನುವ ನಂಬಿಕೆ. ಉತ್ತರದಲ್ಲಿ ಐದನೇ ದಿನ ಕಸ ಹಾಕುತ್ತಾರೆ. ಅಲ್ಲಿವರೆಗೆ ಮೂಲೆಯಲ್ಲಿರಲಿ.

ಇನ್ನೊಂದು, ಮಗನಿಗೆ ಹಬ್ಬಕ್ಕೆ ಮೊದಲೇ ಕಟಿಂಗ್ ಮಾಡಿಸಿಕೊಳ್ಳಲು ಹೇಳಿ. ಮೊದಲ ತಿಂಗಳಲ್ಲಿ ಕೂದಲು ತೆಗೆಸಿದರೆ ಸೋದರಮಾವನಿಗೆ ಆಪತ್ತು ಅಂತ ಅಲ್ಲಿ ಮಾತಿದೆ. ಹಾಗಾಗಿ ಹಬ್ಬಕ್ಕೆ ಮುಂಚೆ ಕ್ಷೌರದಂಗಡಿಗಳಲ್ಲಿ ರಶ್ಶೋ ರಶ್ಶು. ನಿಮ್ಮ ತಮ್ಮನೋ ಅಣ್ಣನೋ ಇದನ್ನು ಓದಿದರೆ ಅವರೇ ಫೋನ್ ಮಾಡಿ ನೆನಪಿಸಬಹುದು.