ಅಕ್ಕನ ಹೆಸರು 11 ಪೇಪರ್‌ಗಳಲ್ಲಿ, ನನ್ನದು ಒಂದರಲ್ಲಿ

ಪ್ರಶ್ನೆ: ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಜರ್ನಲ್‌ನಲ್ಲಿ ಬಂದಿರುವುದು ಒಂದೇ ಲೇಖನ, ಅದೂ ನಾನೊಬ್ಬನೇ ಬರೆದದ್ದು. ಅಕ್ಕ ಬಯೋಕೆಮಿಸ್ಟ್ರಿಯಲ್ಲಿದ್ದಾಳೆ. ಅವಳ ಹೆಸರು ಆಗಲೇ 11 ಪೇಪರ್‌ಗಳಲ್ಲಿದೆ. ಮನೆಯಲ್ಲಿ ಎಲ್ಲರೂ ಹೋಲಿಸುತ್ತಾರೆ. ನಾನು ಹಿಂದೆ ಬಿದ್ದಿದ್ದೇನಾ ಮೇಡಂ? ಒಬ್ಬರೇ ಬರೆಯುವ ಕಾಲ ಮುಗಿದೇ ಹೋಯಿತಾ?

ಇಲ್ಲ, ನೀವು ಹಿಂದೆ ಬಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಹೋಲಿಕೆಯಿಂದ ಮನಸ್ಸು ಕುಗ್ಗಿಸಿಕೊಂಡ ವಿದ್ಯಾರ್ಥಿಗಳನ್ನು ತುಂಬಾ ಜನ ನೋಡಿದ್ದೇನೆ.

ನಿಮ್ಮ ಒಂದು ಲೇಖನ ಮತ್ತು ಅಕ್ಕನ 11 ಪೇಪರ್ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ. ಲ್ಯಾಬ್‌ನಲ್ಲಿ ಒಬ್ಬರು ಮಾದರಿ ತಯಾರಿಸುತ್ತಾರೆ, ಇನ್ನೊಬ್ಬರು ಯಂತ್ರ ನಡೆಸುತ್ತಾರೆ, ಮತ್ತೊಬ್ಬರು ಲೆಕ್ಕ ಹಾಕುತ್ತಾರೆ. ಅಕ್ಕ ಕೆಲವು ಪೇಪರ್‌ಗಳಿಗೆ ವರ್ಷಗಟ್ಟಲೆ ದುಡಿದಿರಬಹುದು, ಕೆಲವಕ್ಕೆ ಎರಡು ವಾರ. ಅದರಲ್ಲಿ ತಪ್ಪೇನೂ ಇಲ್ಲ, ಅಲ್ಲಿನ ಕೆಲಸದ ರೀತಿಯೇ ಹಾಗೆ. ನೀವಾದರೋ ದಾಖಲೆ ಹುಡುಕಿದವರೂ ನೀವೇ, ಓದಿದವರೂ ನೀವೇ, ವಾದ ಕಟ್ಟಿ ಬರೆದವರೂ ನೀವೇ.

ಅಂಕಿಗಳೂ ಇದನ್ನೇ ಹೇಳುತ್ತವೆ. ಸುಮಾರು ಎರಡು ಕೋಟಿ ಪೇಪರ್‌ಗಳನ್ನು ಗುಡ್ಡೆ ಹಾಕಿ ನೋಡಿದ ಒಂದು ದೊಡ್ಡ ಅಧ್ಯಯನ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಸ್ಟೆಫಾನ್ ವುಕ್ಟಿ, ಬೆಂಜಮಿನ್ ಜೋನ್ಸ್, ಬ್ರಯನ್ ಉಝಿ ಎಂಬ ಮೂವರು ಸೇರಿ ಮಾಡಿದ್ದು. ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಒಂದು ಪೇಪರ್‌ಗೆ 1955ರಲ್ಲಿ ಸರಾಸರಿ 1.9 ಲೇಖಕರಿದ್ದರು. 2000ದ ಹೊತ್ತಿಗೆ ಅದು 3.5 ಆಗಿತ್ತು. ಸಮಾಜ ವಿಜ್ಞಾನದಲ್ಲಿ ಬದಲಾವಣೆ ಇನ್ನೂ ಜೋರು. ಇಬ್ಬರು ಅಥವಾ ಜಾಸ್ತಿ ಜನ ಸೇರಿ ಬರೆದ ಪೇಪರ್‌ಗಳ ಪಾಲು ಅದೇ ಅವಧಿಯಲ್ಲಿ ಶೇ 17.5ರಿಂದ ಶೇ 51.5ಕ್ಕೆ ಏರಿತು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಮಾಡುವ ವಿದ್ಯೆ ಅಂತ ನಾವೆಲ್ಲ ಅಂದುಕೊಂಡಿದ್ದ ಗಣಿತದಲ್ಲೂ ಜೊತೆಗೂಡಿ ಬರೆದವು ಶೇ 19ರಿಂದ ಶೇ 57ಕ್ಕೆ ಹೋದವು. ಕಲೆ ಮತ್ತು ಮಾನವಿಕ ವಿಷಯಗಳಲ್ಲಿ ಮಾತ್ರ ಶೇ 90ಕ್ಕೂ ಹೆಚ್ಚು ಲೇಖನಗಳು ಆಗಲೂ ಒಬ್ಬೊಬ್ಬರೇ ಬರೆದವು. ಇತಿಹಾಸಕಾರರಾಗಿ ನೀವು ನಿಮ್ಮ ವಿಷಯದ ದಾರಿಯಲ್ಲೇ ನಡೆಯುತ್ತಿದ್ದೀರಿ.

ಒಬ್ಬರೇ ಬರೆಯುವ ಕಾಲ ಮುಗಿಯಿತಾ ಅಂತ ಕೇಳಿದ್ದೀರಿ. ಈ ಮಾತು ಹಳೆಯದು. ವಿಜ್ಞಾನದ ಇತಿಹಾಸಕಾರ ಡೆರೆಕ್ ಪ್ರೈಸ್ 1963ರಲ್ಲೇ, ಹೀಗೇ ಸಾಗಿದರೆ 1980ರ ಹೊತ್ತಿಗೆ ಒಬ್ಬರೇ ಬರೆದ ಪೇಪರ್ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದರು. 1980 ದಾಟಿ ಎಷ್ಟು ವರ್ಷವಾಯಿತು! ಪಾಲು ಕಡಿಮೆಯಾಗಿದೆ ನಿಜ, ಆದರೆ ವಿಜ್ಞಾನದಲ್ಲೂ ಅಂಥ ಪೇಪರ್ ಪೂರ್ತಿ ಹೋಗಿಲ್ಲ.

ಗುಂಪುಗಳು ಯಾಕೆ ಬೆಳೆದವು? ಯಂತ್ರಗಳು ದೊಡ್ಡವಾದವು, ದುಬಾರಿಯಾದವು. ಹಣ ಕೊಡುವವರು ಹಲವು ಸಂಸ್ಥೆಗಳು ಸೇರಿ ಬರಲಿ ಎನ್ನತೊಡಗಿದರು. ಇಮೇಲ್ ಬಂದ ಮೇಲೆ ದೂರದವರ ಜೊತೆ ಕೆಲಸ ಮಾಡುವುದು ಸುಲಭವಾಯಿತು. ಇವೆಲ್ಲ ಸರಿ, ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಬೇರೆ. ತಿಳಿದುಕೊಳ್ಳಬೇಕಾದ ವಿಷಯವೇ ಬೆಟ್ಟದಷ್ಟು ಬೆಳೆದಿದೆ. ಒಬ್ಬ ಮನುಷ್ಯ ಪ್ರೋಟೀನ್ ರಚನೆಯನ್ನೂ, ಸ್ಟಾಟಿಸ್ಟಿಕ್ಸನ್ನೂ, ಪ್ರೋಗ್ರಾಮಿಂಗನ್ನೂ ಆಳವಾಗಿ ಕಲಿಯುವ ಹೊತ್ತಿಗೆ ಅರ್ಧ ಆಯಸ್ಸು ಕಳೆದಿರುತ್ತದೆ. ಹಾಗಾಗಿ ಒಬ್ಬೊಬ್ಬರೂ ಒಂದೊಂದು ತುಣುಕು ಕಲಿತು ಸೇರಿ ದುಡಿಯುತ್ತಾರೆ.

ಅದರ ತುತ್ತತುದಿ ನೋಡಬೇಕಾದರೆ ಕಣ ಭೌತಶಾಸ್ತ್ರಕ್ಕೆ ಹೋಗಬೇಕು. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಎರಡು ಪ್ರಯೋಗ ತಂಡಗಳು ಸೇರಿ ಬರೆದ ಪೇಪರ್‌ಗೆ 5,154 ಲೇಖಕರು. 33 ಪುಟಗಳಲ್ಲಿ ಸಂಶೋಧನೆಗೆ 9, ಉಳಿದ 24 ಬರೀ ಹೆಸರು ಮತ್ತು ಸಂಸ್ಥೆಗಳಿಗೆ. ಅಳೆಯುವ ದೊಡ್ಡ ಯಂತ್ರಗಳನ್ನು ಕಟ್ಟಿ ನಡೆಸಿದವರೂ ಅದರಲ್ಲಿದ್ದಾರೆ. ಅವರು ಇಲ್ಲದಿದ್ದರೆ ಆ ಅಳತೆಯೇ ಇಲ್ಲ.

ದೊಡ್ಡ ತಂಡವೇ ಒಳ್ಳೆಯದು ಅಂತ ಮಾತ್ರ ತಿಳಿಯಬೇಡಿ. ಆರೂವರೆ ಕೋಟಿಗೂ ಹೆಚ್ಚು ಪೇಪರ್, ಪೇಟೆಂಟ್, ಸಾಫ್ಟ್‌ವೇರ್‌ಗಳನ್ನು ಪರಿಶೀಲಿಸಿದ ಅಧ್ಯಯನ 2019ರಲ್ಲಿ ‘ನೇಚರ್’ನಲ್ಲಿ ಬಂತು. ದೊಡ್ಡ ತಂಡಗಳು ಆಗಲೇ ಇರುವ ವಿಚಾರವನ್ನು ಬೆಳೆಸುತ್ತವೆ, ಹೊಸ ದಾರಿ ತೆರೆಯುವುದು ಜಾಸ್ತಿ ಸಣ್ಣ ತಂಡಗಳೇ ಎಂದು ಅದು ತೋರಿಸಿತು. ಎರಡೂ ಬೇಕು ಅಲ್ವಾ?

ಇನ್ನೊಂದು ಮಾತು. ನೀವೂ ನಿಜಕ್ಕೂ ಒಬ್ಬರೇ ಕೆಲಸ ಮಾಡಿಲ್ಲ. ಕಡತ ತೆಗೆದುಕೊಟ್ಟವರು, ಹಳೆಯ ಲಿಪಿ ಓದಲು ಕಲಿಸಿದವರು, ಕರಡು ತಿದ್ದಿದ ಗೆಳೆಯರು ಇದ್ದೇ ಇರುತ್ತಾರೆ. ನಿಮ್ಮ ವಿಷಯದಲ್ಲಿ ಅವರೆಲ್ಲ ಕೃತಜ್ಞತೆಯ ಪುಟಕ್ಕೆ ಹೋಗುತ್ತಾರೆ. ಅಕ್ಕನ ಲ್ಯಾಬ್‌ನಲ್ಲಿ ಅಂಥ ಕೆಲವರು ಲೇಖಕರ ಸಾಲಿಗೇ ಬರುತ್ತಿದ್ದರು. ಮನೆಯವರಿಗೆ ಇಷ್ಟನ್ನು ಹೇಳಿ ನೋಡಿ.

ಪ್ರಶ್ನೆ: ಐದು ಜನರ ಪೇಪರ್‌ನಲ್ಲಿ ನನ್ನ ಹೆಸರು ಮೂರನೆಯದು. ಕೆಲಸದ ಸಂದರ್ಶನದಲ್ಲಿ ಇದಕ್ಕೆ ಬೆಲೆ ಇದೆಯಾ?

ಯಾವ ವಿಷಯ ಅಂತ ನೀವು ಬರೆದಿಲ್ಲ. ಉತ್ತರ ಪೂರ್ತಿ ಅದರ ಮೇಲೇ ನಿಂತಿದೆ.

ಜೀವವಿಜ್ಞಾನ, ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ದುಡಿದವರದ್ದು, ಕೊನೆಯದು ಲ್ಯಾಬ್ ಮುಖ್ಯಸ್ಥರದ್ದು. ಅಲ್ಲಿ ಮೂರನೆಯದು ನಡುವಿನ ಸ್ಥಾನ. ಗಣಿತದಲ್ಲಿ ಹೆಸರುಗಳು ಅಕ್ಷರ ಕ್ರಮದಲ್ಲಿ ಬರುತ್ತವೆ, ಮೂರನೆಯದಕ್ಕೂ ಮೊದಲನೆಯದಕ್ಕೂ ವ್ಯತ್ಯಾಸವಿಲ್ಲ. ಅರ್ಥಶಾಸ್ತ್ರದಲ್ಲೂ ಬಹುಕಾಲದಿಂದ ಇದೇ ರೂಢಿ. ಆದರೂ ಅಮೆರಿಕದ ದೊಡ್ಡ ಅರ್ಥಶಾಸ್ತ್ರ ವಿಭಾಗಗಳನ್ನು ನೋಡಿದ 2006ರ ಅಧ್ಯಯನವೊಂದು, ಅಡ್ಡಹೆಸರು ವರ್ಣಮಾಲೆಯ ಮೊದಲ ಭಾಗದಲ್ಲಿರುವವರಿಗೆ ಕಾಯಂ ಹುದ್ದೆ ಸಿಗುವ ಸಾಧ್ಯತೆ ಹೆಚ್ಚು ಎಂದು ಕಂಡಿತು. ಹೆಣ್ಣುಮಕ್ಕಳ ಪಾಡು ಇನ್ನೂ ಬೇಸರದ್ದು. ಅದೇ ಕ್ಷೇತ್ರದಲ್ಲಿ ಹೆದರ್ ಸಾರ್ಸನ್ಸ್ ನಡೆಸಿದ ಅಧ್ಯಯನದಲ್ಲಿ, ಗಂಡಸರ ಜೊತೆ ಸೇರಿ ಬರೆದ ಪೇಪರ್‌ಗಳಿಗೆ ಮಹಿಳೆಯರಿಗೆ ಸಿಗುವ ಮನ್ನಣೆ ಕಡಿಮೆ ಎಂಬುದು ಕಂಡುಬಂತು. ಇದು ನನ್ನನ್ನು ತುಂಬಾ ಕಾಡುವ ವಿಷಯ. ಒಟ್ಟಿಗೆ ದುಡಿದ ಕೆಲಸದಲ್ಲಿ ಯಾರ ಪಾಲು ಎಷ್ಟು ಅಂತ ಗೊತ್ತಿಲ್ಲದಾಗ, ಓದುವವರು ತಮ್ಮ ಊಹೆಯಿಂದ ಆ ಜಾಗ ತುಂಬಿಬಿಡುತ್ತಾರೆ.

ಆ ಊಹೆಗೆ ಎಡೆ ಕೊಡಬೇಡಿ. ಯಾರು ಏನು ಮಾಡಿದರು ಎಂದು ಹೇಳಲು ‘ಕ್ರೆಡಿಟ್’ ಎಂಬ 14 ಪಾತ್ರಗಳ ಪಟ್ಟಿ ಇದೆ. ವಿಚಾರ ಹೊಳೆದದ್ದು, ದತ್ತಾಂಶ ಜೋಡಿಸಿದ್ದು, ಸಾಫ್ಟ್‌ವೇರ್, ಮೊದಲ ಕರಡು, ತಿದ್ದುಪಡಿ ಹೀಗೆ. ತುಂಬಾ ಜರ್ನಲ್‌ಗಳು ಈಗ ಅದನ್ನು ಕೇಳುತ್ತವೆ. ನಿಮ್ಮ ಬಯೋಡೇಟಾದಲ್ಲೂ ಪ್ರತಿ ಪೇಪರ್ ಕೆಳಗೆ ನಿಮ್ಮ ಪಾಲು ಏನು ಎಂದು ಒಂದು ಸಾಲು ಬರೆಯಿರಿ. ಸಂದರ್ಶನದಲ್ಲಿ ಆ ಒಂದು ಸಾಲನ್ನು ಐದು ನಿಮಿಷ ವಿವರಿಸಲು ನಿಮಗೆ ಬಂದರೆ ಮೂರನೆಯ ಸ್ಥಾನದ ಚಿಂತೆ ಬೇಡ.

ಪ್ರಶ್ನೆ: ಚಾಟ್‌ಜಿಪಿಟಿ ನೆರವು ಪಡೆದಿದ್ದೇನೆ. ಅದನ್ನು ಸಹಲೇಖಕ ಅಂತ ಹಾಕಬೇಕಾ?

ಬೇಡ. 2023ರ ಶುರುವಿನಲ್ಲೇ ದೊಡ್ಡ ಜರ್ನಲ್‌ಗಳು ಇದನ್ನು ಸ್ಪಷ್ಟ ಮಾಡಿದವು. ಲೇಖಕರು ಅಂದರೆ ತಪ್ಪಾದಾಗ ಉತ್ತರ ಕೊಡುವವರು. ಅದು ಸಾಫ್ಟ್‌ವೇರ್‌ನಿಂದ ಆಗದು. ಎಲ್ಲಿ, ಹೇಗೆ ಬಳಸಿದಿರಿ ಎಂದು ಪೇಪರ್‌ನಲ್ಲೇ ತಿಳಿಸಿ. ಜರ್ನಲ್‌ನ ನಿಯಮ ಮೊದಲೇ ಓದಿಕೊಳ್ಳಿ.

ಪ್ರಶ್ನೆ: ನಮ್ಮ ಗೈಡ್ ನನ್ನ ಪೇಪರ್‌ಗೆ ಹಿರಿಯರೊಬ್ಬರ ಹೆಸರು ಸೇರಿಸು ಅಂದಿದ್ದಾರೆ. ಅವರು ಕರಡನ್ನೂ ನೋಡಿಲ್ಲ. ಬೇಡ ಅನ್ನಲು ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ನಿಮ್ಮ ಸಂಕಟ ಅರ್ಥವಾಗುತ್ತದೆ. ನಿಮ್ಮ ಡಿಗ್ರಿ ಅವರ ಕೈಯಲ್ಲಿದೆ. ಸುಮ್ನೆ ಜಗಳಕ್ಕೆ ಹೋಗಿ ಅಂತ ನಾನು ಹೇಳಲಾರೆ.

ನಿಯಮ ಮಾತ್ರ ನಿಮ್ಮ ಕಡೆ ಇದೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಾಗಲು ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ನಿಜವಾದ ಪಾಲಿರಬೇಕು. ಬರೆದಿರಬೇಕು, ಇಲ್ಲವೇ ಗಂಭೀರವಾಗಿ ತಿದ್ದಿರಬೇಕು. ಕೊನೆಯ ಪ್ರತಿಯನ್ನು ಒಪ್ಪಿರಬೇಕು. ಇಡೀ ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಬರೀ ಹಣ ತಂದುಕೊಟ್ಟರೆ ಅಥವಾ ವಿಭಾಗ ನೋಡಿಕೊಂಡರೆ ಸಾಲದು.

ಹೀಗೆ ಹೆಸರು ಸೇರಿಸುವುದರಿಂದ ಯಾರಿಗೆ ನಷ್ಟ ಅನ್ನುವವರಿಗೆ ನಾನು 1948ರ ಒಂದು ಘಟನೆ ಹೇಳುತ್ತೇನೆ. ರಾಲ್ಫ್ ಆಲ್ಫರ್ ಎಂಬ ವಿದ್ಯಾರ್ಥಿ, ವಿಶ್ವದ ಆರಂಭದಲ್ಲಿ ಮೂಲವಸ್ತುಗಳು ಹುಟ್ಟಿದ ಬಗೆಯ ಮೇಲೆ ಪಿಎಚ್‌ಡಿ ಮಾಡಿದ್ದರು. ಗೈಡ್ ಜಾರ್ಜ್ ಗ್ಯಾಮೊ. ಆಲ್ಫಾ, ಬೀಟಾ, ಗಾಮಾ ಎಂಬ ಗ್ರೀಕ್ ಅಕ್ಷರಗಳ ಹಾಗೆ ಕೇಳಲಿ ಅಂತ ಗ್ಯಾಮೊ ತಮಾಷೆಗೆ ಭೌತವಿಜ್ಞಾನಿ ಹ್ಯಾನ್ಸ್ ಬೆಥೆ ಅವರ ಹೆಸರನ್ನೂ ಪೇಪರ್‌ಗೆ ಸೇರಿಸಿದರು. ಬೆಥೆ ಆ ಕೆಲಸ ಮಾಡಿರಲಿಲ್ಲ. ಇಬ್ಬರು ಹೆಸರಾಂತರ ನಡುವೆ ತನ್ನ ಪಾಲು ಮರೆಯಾಗುತ್ತದೆ ಎಂಬ ನೋವು ಆಲ್ಫರ್ ಅವರಿಗೆ ಬಹಳ ಕಾಲ ಉಳಿಯಿತು. ಹೆಸರು ಸೇರಿದ್ದರಿಂದ ಪುಟ ಹೆಚ್ಚಾಗಲಿಲ್ಲ, ಕಿರಿಯನ ಪಾಲು ಕಡಿಮೆಯಾಯಿತು.

ನೀವು ಹೀಗೆ ಮಾಡಿ ನೋಡಿ. ಜರ್ನಲ್‌ನ ಫಾರ್ಮ್ ಪ್ರಿಂಟ್ ತೆಗೆದುಕೊಂಡು ಗೈಡ್ ಹತ್ತಿರ ಹೋಗಿ, ‘ಸರ್, ಇಲ್ಲಿ ಪ್ರತಿಯೊಬ್ಬರ ಕೆಲಸ ಬರೆಯಬೇಕಂತೆ, ಅವರದ್ದು ಏನು ಬರೆಯಲಿ?’ ಎಂದು ಕೇಳಿ. ಆಕ್ಷೇಪ ನಿಮ್ಮದಲ್ಲ, ಫಾರ್ಮ್‌ನದ್ದು. ಅಥವಾ ಕರಡನ್ನೇ ಆ ಹಿರಿಯರಿಗೆ ಕಳಿಸಿ ಸಲಹೆ ಕೇಳಿ. ಓದಿ ಚೆನ್ನಾಗಿ ತಿದ್ದಿಕೊಟ್ಟರೆ ಪೇಪರ್‌ಗೆ ಲಾಭವೇ. ತಿದ್ದಿದ ಮಾತ್ರಕ್ಕೆ ಲೇಖಕರಾಗುವುದಿಲ್ಲ ಎಂಬುದು ನೆನಪಿರಲಿ, ಕೃತಜ್ಞತೆಯಲ್ಲಿ ಅವರನ್ನು ಮನಸಾರೆ ನೆನೆಯಬಹುದು. ಏನೇ ಆದರೂ ಈ ಮಾತುಕತೆ ಪೇಪರ್ ಕಳಿಸುವ ಮೊದಲೇ ಆಗಲಿ. ಕಳಿಸಿದ ಮೇಲೆ ಒಂದು ಹೆಸರು ತೆಗೆಯಬೇಕಾದರೂ ಸಾಮಾನ್ಯವಾಗಿ ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಕೇಳುತ್ತಾರೆ, ತೆಗೆಯಬೇಕಾದವರದ್ದೂ ಸೇರಿ.