ತೋಟದ ರಸ್ತೆಗೆ ಡಸ್ಟರ್: 2 ಇಂಚು ಲಿಫ್ಟ್ ಕಿಟ್, 235/70 ಟೈರ್ ಹಾಕಿಸಬಹುದಾ?

ನೀವು ಕೇಳಿರುವುದು ಇಷ್ಟು: 2016ರ ರೆನೊ ಡಸ್ಟರ್, 85 ಪಿಎಸ್ ಡೀಸೆಲ್, ಫ್ರಂಟ್ ವೀಲ್ ಡ್ರೈವ್. ಮೂಡಿಗೆರೆ ಕಡೆ ತೋಟಕ್ಕೆ ಹೋಗುವ ದಾರಿಯಲ್ಲಿ ನಡುವಿನ ದಿಬ್ಬಕ್ಕೆ ತಳ ಉಜ್ಜುತ್ತೆ, ಮಳೆಗಾಲದಲ್ಲಿ ಏರು ಹತ್ತುವಾಗ ಮುಂದಿನ ಚಕ್ರ ನಿಂತಲ್ಲೇ ಸುತ್ತುತ್ತೆ. ಗಾಡಿಯನ್ನು ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ಟೂ 235/70 ಆರ್16 ಟೈರೂ ಹಾಕಿಸಲಾ ಅಂತ.

ಎರಡೂ ಬೇಡ. 215/70 ಆರ್16 ಅಳತೆಯ ಆಲ್ ಟೆರೇನ್ (ಟಾರು, ಮಣ್ಣು ಎರಡಕ್ಕೂ ಆಗುವ) ಟೈರ್ ಹಾಕಿಸಿ, ಎಂಜಿನ್ ಆಯಿಲ್ ನಿಲ್ಲುವ ಚೇಂಬರ್ ಕೆಳಗೆ ಗಟ್ಟಿ ಉಕ್ಕಿನ ಸ್ಕಿಡ್ ಪ್ಲೇಟ್ ಹಾಕಿಸಿ. ಒಂದು ಮಳೆಗಾಲ ಓಡಿಸಿ ನೋಡಿ. ಆಮೇಲೂ ತಳ ತಾಗಿದರೆ 20 ಮಿ.ಮೀ. ಲಿಫ್ಟ್ ಬಗ್ಗೆ ಯೋಚಿಸಬಹುದು, ಅದಕ್ಕಿಂತ ಹೆಚ್ಚು ಈ ಗಾಡಿಗೆ ಸಲ್ಲದು.

ಮೊದಲು ಟೈರ್ ಲೆಕ್ಕ. ಕಂಪನಿಯಿಂದ ಬರುವ 215/65 ಆರ್16 (ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 16 ಇಂಚು) ಟೈರಿನ ವ್ಯಾಸ ಸುಮಾರು 686 ಮಿ.ಮೀ. 215/70 ಹಾಕಿದರೆ 707, ಅಂದರೆ ಶೇ. 3ರಷ್ಟು ದೊಡ್ಡದು. ಗಾಡಿ ಮೇಲೇಳುವುದು ವ್ಯಾಸದ ವ್ಯತ್ಯಾಸದಲ್ಲಿ ಅರ್ಧ ಮಾತ್ರ, ಹತ್ತಿರ ಹತ್ತಿರ 11 ಮಿ.ಮೀ. ನೀವು ಹೇಳುವ 235/70ರ ವ್ಯಾಸ 735, ಶೇ. 7ಕ್ಕಿಂತ ಸ್ವಲ್ಪ ಜಾಸ್ತಿ, ಎತ್ತರ ಸಿಗುವುದು 25 ಮಿ.ಮೀ. 205 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಗಾಡಿಗೆ ಆ 25 ದೊಡ್ಡ ಲಾಭದ ಹಾಗೆ ಕಾಣುತ್ತೆ, ಆದರೆ ಕೊಡಬೇಕಾದ ಬೆಲೆ ಜಾಸ್ತಿ. ಚಕ್ರ ಶೇ. 7 ದೊಡ್ಡದಾದರೆ ಎಲ್ಲಾ ಗೇರೂ ಅಷ್ಟೇ ಉದ್ದವಾದ ಹಾಗೆ. ಈ 1.5 ಡೀಸೆಲ್ ಎಂಜಿನ್ 2000 ಆರ್‌ಪಿಎಂ ಒಳಗೆ ಮೊದಲೇ ಮಂಕು. ಏರಿನಲ್ಲಿ ನಿಲ್ಲಿಸಿ ಎತ್ತುವಾಗ ಹಾಫ್ ಕ್ಲಚ್‌ನಲ್ಲೇ ಎಳೆಯಬೇಕಾಗುತ್ತೆ, ಕ್ಲಚ್ ಪ್ಲೇಟ್ ಬೇಗ ಸುಡುತ್ತೆ. ಸ್ಪೀಡೋಮೀಟರ್ ಕೂಡ ತಪ್ಪುತ್ತೆ: ಮೊದಲು ನಿಜವಾದ 80ರ ವೇಗಕ್ಕೆ ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ಮುಳ್ಳು ಇರುವಾಗ ಈಗ 86ರ ಹತ್ತಿರ ಹೋಗುತ್ತಿರುತ್ತೀರಿ. 215/70ರಲ್ಲಿ ಅದು 82.5 ಆಗುತ್ತೆ, ಮೀಟರ್‌ಗಳು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುವುದರಿಂದ ತೊಂದರೆ ಇಲ್ಲ. ಮೈಲೇಜ್ ಲೆಕ್ಕ ಹಾಕುವಾಗ ಓಡಿದ ಕಿಲೋಮೀಟರನ್ನು 1.03ರಿಂದ ಗುಣಿಸಿಕೊಳ್ಳಿ, ಇಲ್ಲದಿದ್ದರೆ ಇದ್ದದ್ದಕ್ಕಿಂತ ಕಡಿಮೆ ಬಂದ ಹಾಗೆ ಕಾಣುತ್ತೆ.

ಇನ್ನು ಟೈರ್ ಎಲ್ಲಿ ಉಜ್ಜುತ್ತೆ ಅನ್ನುವುದು. ಲಿಫ್ಟ್ ಮಾಡಿದರೆ ಎಷ್ಟು ದೊಡ್ಡ ಟೈರಾದರೂ ಹಿಡಿಸುತ್ತೆ ಅಂತ ಬಹಳ ಜನ ನಂಬಿದ್ದಾರೆ. ಇದು ತಪ್ಪು. ಮುಂದಿನ ಚಕ್ರದ ಒಳಬದಿಗೆ ಕೈ ಹಾಕಿ ನೋಡಿ: ಟೈರಿನ ನೆತ್ತಿಯ ಮೇಲೆ, ಸ್ವಲ್ಪ ಒಳಗೆ, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿ ಕೂಡಿದ ಕಂಬದ, ಅಂದರೆ ಸ್ಟ್ರಟ್‌ನ ಸ್ಪ್ರಿಂಗ್ ಕೂತಿರುವ ತಟ್ಟೆ ಸಿಗುತ್ತೆ. ಸ್ಟ್ರಟ್ ಮೇಲೆ ಸ್ಪೇಸರ್ (ನಡುವೆ ಇಡುವ ದಪ್ಪ ಬಿಲ್ಲೆ) ಇಟ್ಟರೆ ಬಾಡಿ ಮೇಲೇಳುತ್ತೆ, ಆದರೆ ಆ ತಟ್ಟೆ ಚಕ್ರದ ಜೊತೆಗೇ ಇರುತ್ತೆ. ಟೈರಿಗೂ ತಟ್ಟೆಗೂ ನಡುವಿನ ಜಾಗ ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ. 235/70 ಹಾಕಿದರೆ ಟೈರಿನ ನೆತ್ತಿ 25 ಮಿ.ಮೀ. ಮೇಲಕ್ಕೆ, ಒಳಮೈ 10 ಮಿ.ಮೀ. ಒಳಕ್ಕೆ ಬರುತ್ತೆ. ಅದಕ್ಕೆ ವೀಲ್ ಸ್ಪೇಸರ್ ಹಾಕಿ ಚಕ್ರವನ್ನು ಹೊರಗೆ ತಳ್ಳುತ್ತಾರೆ. ಆಗ ಬೇರಿಂಗ್ ಮೇಲೆ ಭಾರ ಬೀಳುತ್ತೆ, ಸ್ಟಿಯರಿಂಗ್ ಎಳೆಯುತ್ತೆ, ಕೆಸರೆಲ್ಲ ಬಾಗಿಲಿಗೆ ಎರಚುತ್ತೆ.

215/70 ಕೊಳ್ಳುವಾಗಲೂ ನಾಲ್ಕನ್ನೂ ಒಟ್ಟಿಗೆ ಏರಿಸಬೇಡಿ. ಒಂದನ್ನು ಮುಂದೆ ಹಾಕಿಸಿ, ಆ ಚಕ್ರವನ್ನು ರ‍್ಯಾಂಪ್ ಮೇಲೆ ಹತ್ತಿಸಿ ಸಸ್ಪೆನ್ಷನ್ ಅದುಮಿದ ಸ್ಥಿತಿಯಲ್ಲಿ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ತಟ್ಟೆಗೂ ಟೈರಿಗೂ ಕನಿಷ್ಠ ಒಂದು ಬೆರಳು ಜಾಗ ಇರಬೇಕು. ಫೆಂಡರ್ ಒಳಗಿನ ಪ್ಲಾಸ್ಟಿಕ್ ಲೈನರ್‌ಗೋ ಮಡ್ ಫ್ಲ್ಯಾಪ್‌ಗೋ ತುದಿ ಸವರಿದರೆ ಫ್ಲ್ಯಾಪನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಸಾಕು. ಇನ್ನೊಂದು ಪರೀಕ್ಷೆ ಹಿಂದೆ: ಹೊಸ ಅಳತೆಯ ಸ್ಟೆಪ್ನಿ ತನ್ನ ಜಾಗದಲ್ಲಿ ಕೂರುತ್ತದಾ ಅಂತ ಅಲ್ಲೇ ನೋಡಿಬಿಡಿ. ಲೋಡ್ ಇಂಡೆಕ್ಸ್ ಹಳೆಯ ಟೈರಿನ ಮೇಲೆ ಬರೆದಿರುವುದಕ್ಕಿಂತ ಕಡಿಮೆ ಇರಬಾರದು. 98 ಅಂದರೆ ಒಂದು ಟೈರ್ 750 ಕಿಲೋ ಹೊರುತ್ತೆ, 100 ಅಂದರೆ 800 ಕಿಲೋ.

ನಿಮ್ಮ ಎರಡನೇ ತೊಂದರೆ, ಏರಿನಲ್ಲಿ ಚಕ್ರ ಸುತ್ತುವುದು, ಎತ್ತರಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಮಲೆನಾಡಿನ ಕೆಂಪು ಜೇಡಿ ರೋಡ್ ಟೈರಿನ ಸಣ್ಣ ಸಂದುಗಳಲ್ಲಿ ತುಂಬಿ ಮೆತ್ತಿಕೊಂಡರೆ ಹಿಡಿತ ಹೋಯಿತು. ಆಲ್ ಟೆರೇನ್ ಟೈರಿನ ಅಗಲ ಸಂದುಗಳು ಸುತ್ತುವಾಗ ಆ ಕೆಸರನ್ನು ಉದುರಿಸುತ್ತವೆ. ಕೆಸರಿನ ಭಾಗ ಬಂದಾಗ ಗಾಳಿಯನ್ನು 22–24 ಪಿಎಸ್‌ಐಗೆ ಇಳಿಸಿ, ನಿಧಾನವಾಗಿ ಹೋಗಿ, ಟಾರು ರಸ್ತೆಗೆ ಬರುವ ಮೊದಲು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವಷ್ಟು ಮತ್ತೆ ತುಂಬಿಸಿ. 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಲಿಫ್ಟ್ ಕಿಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ವಸ್ತು ಅದು.

ಲಿಫ್ಟ್ ಮಾಡಿಸಲೇಬೇಕು ಅಂದರೆ ಅದು ಏನು ಮಾಡುತ್ತೆ ಅಂತ ತಿಳಿದಿರಲಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವುದರಿಂದ 20 ಮಿ.ಮೀ. ಸ್ಪೇಸರ್ ಇಟ್ಟರೆ ಹೆಚ್ಚು ಕಡಿಮೆ 20 ಮಿ.ಮೀ. ಎತ್ತರ ಬರುತ್ತೆ. ಆದರೆ ಚಕ್ರ ಗುಂಡಿಗೆ ಇಳಿದು ತೂಗಾಡುವಾಗ ಅಷ್ಟೇ 20 ಮಿ.ಮೀ. ಹೆಚ್ಚು ಕೆಳಗೆ ಹೋಗುತ್ತೆ. ಆಕ್ಸಲ್ ಜಾಯಿಂಟ್, ಬಾಲ್ ಜಾಯಿಂಟ್, ಬ್ರೇಕ್ ಹೋಸ್, ಎಬಿಎಸ್ ವೈರ್ ಎಲ್ಲವೂ ಅಷ್ಟು ಹೆಚ್ಚು ಎಳೆಸಿಕೊಳ್ಳುತ್ತವೆ. 2 ಇಂಚು, ಅಂದರೆ 50 ಮಿ.ಮೀ. ಆದರೆ ಆಕ್ಸಲ್ ಕೋನ ಮಿತಿ ಮೀರಿ ಸಿವಿ ಬೂಟ್ (ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ) ಹರಿಯುತ್ತೆ, ಗ್ರೀಸ್ ಹೋಗಿ ಮಣ್ಣು ಸೇರುತ್ತೆ, ಆಮೇಲೆ ತಿರುವಿನಲ್ಲಿ ಟಕಟಕ ಸದ್ದು ಶುರು. ಇನ್ನೊಂದು ಮಾತು: ಲಿಫ್ಟ್ ಎತ್ತುವುದು ಬಾಡಿ, ಎಂಜಿನ್, ಚೇಂಬರನ್ನು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ತುದಿಯ ಬಾಲ್ ಜಾಯಿಂಟ್ ಇದ್ದಲ್ಲೇ ಇರುತ್ತೆ, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಬೀಮ್ ಅರ್ಧಂಬರ್ಧ ಮೇಲೇಳುತ್ತೆ. ಅವನ್ನು ಪೂರ್ತಿ ಎತ್ತುವುದು ಟೈರ್ ಒಂದೇ. ಅದಕ್ಕೇ ಮೊದಲು ಗಾಡಿಯ ಕೆಳಗೆ ಮಲಗಿ ಉಜ್ಜಿದ ಗುರುತು ಎಲ್ಲಿದೆ ಅಂತ ನೋಡಿ, ಆಮೇಲೆ ದುಡ್ಡು ಹಾಕಿ.

ಕೆಲಸ ಹೀಗೆ ನಡೆಯಬೇಕು. ಗಾಡಿ ಸ್ಟ್ಯಾಂಡ್ ಮೇಲಿರಲಿ, ಬರೀ ಜಾಕ್ ಮೇಲೆ ಬೇಡ. ಹೋಸ್ ಮತ್ತು ಎಬಿಎಸ್ ವೈರನ್ನು ಸ್ಟ್ರಟ್‌ನಿಂದ ಬಿಡಿಸಿ, ಎರಡೂ ಕಡೆಯ ಸ್ಟೆಬಿಲೈಸರ್ ಲಿಂಕ್ ಕಳಚಿ, ಚಕ್ರವನ್ನು ಹೊತ್ತಿರುವ ನಕಲ್ ಅನ್ನುವ ತುಂಡಿನ ಬೋಲ್ಟ್‌ಗಳಿಗೆ ಪೇಂಟಿನಲ್ಲಿ ಗುರುತು ಹಾಕಿ ಬಿಚ್ಚಬೇಕು. ನಕಲ್ಲನ್ನು ತಂತಿಯಿಂದ ಕಟ್ಟಿ ನಿಲ್ಲಿಸಬೇಕು, ಹೊರಗೆ ವಾಲಿದರೆ ಆಕ್ಸಲ್‌ನ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತೆ. ಸ್ಟ್ರಟ್ ಇಡಿಯಾಗಿ ಹೊರಬರಲಿ. ಸ್ಪ್ರಿಂಗ್ ಕಂಪ್ರೆಸರ್ ಕಟ್ಟದೆ ಶಾಕ್ ರಾಡಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಬರುತ್ತೆ. ಸ್ಟ್ರಟ್ಟಿನ ತಲೆ ಬಾಡಿಗೆ ಕೂರುವ ಟಾಪ್ ಮೌಂಟ್ ಒಂದೊಂದು ಗಾಡಿಗೆ ಒಂದೊಂದು ತರ, ಆದ್ದರಿಂದ ಎಲ್ಲದಕ್ಕೂ ಹಿಡಿಸುತ್ತೆ ಅನ್ನುವ ಸ್ಪೇಸರ್ ತಗೊಳ್ಳಬೇಡಿ. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವುದರಿಂದ ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿ ಬೀಮನ್ನು ಜಾಕ್ ಮೇಲೆ ನಿಧಾನ ಇಳಿಸಿ, ಸ್ಪ್ರಿಂಗ್ ಮೇಲೆ ಸ್ಪೇಸರ್ ಇಡುತ್ತಾರೆ. ಇಳಿಸುವಾಗ ಬ್ರೇಕ್ ಹೋಸ್ ಬಿಗಿಯದಂತೆ ಕಣ್ಣಿಟ್ಟಿರಬೇಕು.

ಬಹುಪಾಲು ಗ್ಯಾರೇಜ್‌ನವರು ಬಿಟ್ಟುಬಿಡುವ ಹಂತ ಒಂದಿದೆ. ಲೋವರ್ ಆರ್ಮ್ ಮತ್ತು ಹಿಂದಿನ ಬೀಮ್‌ನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿ ನಾಲ್ಕು ಚಕ್ರದ ಮೇಲೆ ಹೊಸ ಎತ್ತರದಲ್ಲಿ ನಿಂತ ಮೇಲೆ ಮತ್ತೆ ಬಿಗಿಯಬೇಕು. ಹಾಗೆ ಮಾಡದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಕೆಳಗೆ ತಿರುಗಿಸಿ, 500 ಕಿ.ಮೀ. ಆದ ಮೇಲೆ ಬಿಚ್ಚಿದ ಪ್ರತಿ ಬೋಲ್ಟನ್ನೂ ಟಾರ್ಕ್ ರೆಂಚ್‌ನಲ್ಲಿ ನೋಡಿಸಿ.

ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಅಗ್ಗವಾಗಿ ಸಿಗುತ್ತೆ, ಅದನ್ನಂತೂ ಹಾಕಿಸಲೇಬೇಡಿ. ಒಂದು ಸುತ್ತನ್ನು ಅದು ಕಟ್ಟಿಹಾಕುತ್ತೆ, ಅದರ ಪಾಲಿನ ಕೆಲಸವೂ ಉಳಿದ ಸುತ್ತುಗಳ ಮೇಲೆ ಬಿದ್ದು ಸ್ಪ್ರಿಂಗ್ ತುಂಡಾಗುತ್ತೆ.

ಕಾನೂನಿನ ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಟೈರ್ ಅಳತೆ ಮತ್ತು ಲಿಫ್ಟ್ ಎರಡರ ಬಗ್ಗೆಯೂ ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಹೇಳದೆ ಮಾಡಿಸಿದ ಬದಲಾವಣೆಯನ್ನು ಕಾರಣ ಮಾಡಿ ಕ್ಲೇಮ್ ತಿರಸ್ಕರಿಸಬಹುದು.