ಹಿತ್ತಿಲಿಗೆ ಪುನರ್ಪುಳಿಯೋ, ಕುಡಂಪುಳಿಯೋ?

ಕಾಸರಗೋಡಿನ ಬದಿಯಡ್ಕದ ಹತ್ತಿರ ಹೊಸ ಮನೆ, ಹಿಂದೆ ಮುರಕಲ್ಲಿನ (ಕೆಂಪು ಕಲ್ಲಿನ) ಗುಡ್ಡೆ, ಕೆಳಗೆ ಸ್ವಲ್ಪ ಅಡಿಕೆ ತೋಟ. ವರ್ಷವಿಡೀ ಹಸಿರಾಗಿರುವ, ಅಡುಗೆಗೂ ಒದಗುವ ಮರ ಬೇಕು, ಪುನರ್ಪುಳಿ (ಕೋಕಂ) ಮತ್ತು ಮೀನಿನ ಪದಾರ್ಥಕ್ಕೆ ಹುಳಿಯಾಗಿ ಹಾಕುವ ಕುಡಂಪುಳಿಯಲ್ಲಿ ಯಾವುದಕ್ಕೆ ಕೆಲಸ ಕಡಿಮೆ, ಯಾವುದರಿಂದ ಉಪಯೋಗ ಜಾಸ್ತಿ ಅಂತ ಕೇಳಿದ್ದೀರಿ.

ನಾನಾದರೆ ಮೊದಲು ಪುನರ್ಪುಳಿ ನೆಡುತ್ತೇನೆ. ಗಿಡ ಸಾಕುವ ಕಷ್ಟ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸ ಇರುವುದು ಹಣ್ಣಾಗುವ ತಿಂಗಳಲ್ಲಿ. ಪುನರ್ಪುಳಿ ಮಾರ್ಚ್‌ನಿಂದ ಮೇವರೆಗೆ ಹಣ್ಣಾಗುತ್ತದೆ. ಆಗ ಅಂಗಳದಲ್ಲಿ ಸುಡುಬಿಸಿಲು. ಹಣ್ಣು ಒಡೆದು ಸಿಪ್ಪೆ ಹರಡಿದರೆ ಸುಮಾರು ಒಂದು ವಾರದಲ್ಲಿ ಒಣಗುತ್ತದೆ. ಕುಡಂಪುಳಿ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ನ ನಡುವೆ. ನಮ್ಮ ಕಡೆ ಆಗ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಆ ದಪ್ಪ ಸಿಪ್ಪೆ ಎಲ್ಲಿ ಒಣಗಬೇಕು? ಹಾಗಾಗಿ ಹೊಗೆ ಹಾಕಲೇಬೇಕು. ಸೌದೆ ಒಲೆಯ ಮೇಲೆ ಅಟ್ಟ ಇದ್ದರೆ ಸರಿ. ಹೊಸ ಮನೆಯಲ್ಲಿ ಗ್ಯಾಸ್ ಮಾತ್ರ ಇದ್ದರೆ ಹಣ್ಣು ಬುಡದಲ್ಲೇ ಬಿದ್ದು ಕೊಳೆಯುತ್ತದೆ. ರಬ್ಬರ್ ಶೀಟು ಒಣಗಿಸುವ ಹೊಗೆಮನೆಯಲ್ಲಿ ಒಂದು ಮೂಲೆಗೆ ಇಡೋಣ ಅಂತ ಕೆಲವರು ಹೇಳುತ್ತಾರೆ. ಬೇಡ. ತಿನ್ನುವ ವಸ್ತುವಿಗೆ ಆ ವಾಸನೆ ಯಾಕೆ?

ಗಿಡ ತರುವಾಗ ಕಸಿಗಿಡವನ್ನೇ ತನ್ನಿ. ಇದು ಎರಡಕ್ಕೂ ಅನ್ವಯಿಸುವ ಮಾತು. ಈ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜದಿಂದ ಎದ್ದ ಗಿಡಗಳಲ್ಲಿ ಸುಮಾರು ಅರ್ಧ ಗಂಡು, ಮತ್ತು ಹೂ ಬಿಡುವವರೆಗೆ ಅದು ಗೊತ್ತಾಗುವುದಿಲ್ಲ. ಬೀಜದ ಪುನರ್ಪುಳಿ ಫಲ ಕೊಡಲು ಏಳೆಂಟು ವರ್ಷ ಬೇಕು, ಬೀಜದ ಕುಡಂಪುಳಿಗೆ ಹತ್ತು ಹನ್ನೆರಡು. ಅಷ್ಟು ಕಾದ ಮೇಲೆ ಗಂಡು ಅಂತಾದರೆ ನೆರಳಿಗೆ ಮಾತ್ರ ಲಾಯಕ್ಕು. ಹೆಣ್ಣು ಮರದ ಕಸಿಯಾದರೆ ಕುಡಂಪುಳಿ ಮೂರನೇ ವರ್ಷದಿಂದಲೇ ಕಾಯಿ ಬಿಡಲು ಶುರುಮಾಡಬಹುದು, ಪುನರ್ಪುಳಿ ಮೂರರಿಂದ ಐದು ವರ್ಷದಲ್ಲಿ. ಸುತ್ತಿನ ಗುಡ್ಡೆಗಳಲ್ಲಿ ಅದೇ ಜಾತಿಯ ಕಾಡು ಮರಗಳಿದ್ದರೆ ಪರಾಗಕ್ಕೆಂದು ಗಂಡು ಗಿಡ ಬೇರೆ ನೆಡಬೇಕಾಗಿಲ್ಲ.

ನರ್ಸರಿಯಲ್ಲಿ ಇನ್ನೊಂದು ಕೇಳಿ: ಕಸಿಗೆ ಕಡ್ಡಿ ತೆಗೆದದ್ದು ನೇರ ಚಿಗುರಿನಿಂದಲೋ, ಪಕ್ಕದ ಕೊಂಬೆಯಿಂದಲೋ? ಪಕ್ಕದ ಕೊಂಬೆಯದ್ದಾದರೆ ಗಿಡ ಮೇಲೆ ಏಳದೆ ಅಗಲಕ್ಕೆ ಹರಡುತ್ತದೆ. ಹಣ್ಣು ಕೈಗೆಟುಕುವುದು ಒಳ್ಳೆಯದೇ, ಆದರೆ ಪುನರ್ಪುಳಿಯ ಆ ಗೋಪುರದಂಥ ಚಂದ ಬರುವುದಿಲ್ಲ. ತಳಿ ಆರಿಸುವ ಅವಕಾಶ ಸಿಕ್ಕರೆ ಬೇಗ ಹಣ್ಣಾಗುವುದನ್ನು ಹಿಡಿಯಿರಿ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ ಅಂಥದ್ದು. ತಡವಾಗಿ ಹಣ್ಣಾಗುವ ಮರದ ಫಸಲು ಮೇ ಕೊನೆಯ ಮಳೆಗೆ ಸಿಕ್ಕಿ ಹಾಳಾಗುತ್ತದೆ. ಕುಡಂಪುಳಿಯಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಅಮೃತಂ, ಹರಿತಂ ಎಂಬ ತಳಿಗಳಿವೆ.

ಪುನರ್ಪುಳಿಗೆ ನಿಮ್ಮ ಗುಡ್ಡೆ ಬದಿಯೇ ಸಾಕು. ಮುರಕಲ್ಲು ಕಡಿದು ದೊಡ್ಡ ಹೊಂಡ ಮಾಡಿ, ಮೇಲ್ಮಣ್ಣು, ಹಟ್ಟಿಗೊಬ್ಬರ ತುಂಬಿ, ಮಳೆ ಹಿಡಿದ ಮೇಲೆ ನೆಡಿ. ಎರಡು ಗಿಡ ಇಡುವುದಾದರೆ ನಡುವೆ 6 ಮೀಟರ್ ಬಿಡಿ. ಮೊದಲ ಎರಡು ಬೇಸಿಗೆ ನೀರು, ಅಡಿಕೆ ಸೋಗೆಯ ನೆರಳು, ಬುಡಕ್ಕೆ ತರಗೆಲೆ. ಆಮೇಲೆ ವರ್ಷಕ್ಕೊಮ್ಮೆ ಗೊಬ್ಬರ ಹಾಕಿದರೆ ಆಯಿತು. ಹಣ್ಣಿನ ಕಾಲದಲ್ಲಿ ಮಂಗಗಳ ಜೊತೆ ಪೈಪೋಟಿ ಇದ್ದದ್ದೇ.

ಕುಡಂಪುಳಿಗೆ ತಂಪು ಬೇಕು. ತೋಟದ ಅಂಚು, ತೋಡಿನ ಬದಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಒಂದಷ್ಟು ದಿನ ನೀರು ನಿಂತರೂ ತಡೆದುಕೊಳ್ಳುತ್ತದೆ. ಅಡಿಕೆ ಮರಗಳ ನಟ್ಟ ನಡುವೆ ಮಾತ್ರ ಬೇಡ, ದಟ್ಟ ನೆರಳು ಮಾಡುತ್ತದೆ. ಕಸಿ ಕಟ್ಟಿದ ಜಾಗದ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿ. ಬಿಟ್ಟರೆ ಅದೇ ಬೆಳೆದು ಒಳ್ಳೆಯ ತಳಿ ಹಿಂದೆ ಬೀಳುತ್ತದೆ.

ಇನ್ನು ಉಪಯೋಗ. ಪುನರ್ಪುಳಿಯಲ್ಲಿ ಬಿಸಾಡುವುದು ಬಹಳ ಕಡಿಮೆ. ಹಣ್ಣಿನ ಹೋಳುಗಳಿಗೆ ದುಪ್ಪಟ್ಟು ಸಕ್ಕರೆ ಬೆರೆಸಿ ಗಾಜಿನ ಭರಣಿಯಲ್ಲಿ ವಾರ ಬಿಸಿಲಿಗಿಟ್ಟರೆ ಶರಬತ್ತಿನ ರಸ ತಯಾರು. ಒಣಸಿಪ್ಪೆ ನೆನೆಸಿ, ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ ತುಪ್ಪದಲ್ಲಿ ಜೀರಿಗೆ ಒಗ್ಗರಣೆ ಕೊಟ್ಟರೆ ಸಾರು. ಮಜ್ಜಿಗೆ ಸೇರಿಸಿದರೆ ತಂಬುಳಿ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು ತಣ್ಣಗಾದಾಗ ಗಟ್ಟಿಯಾಗುತ್ತದೆ. ಒಡೆದ ಹಿಮ್ಮಡಿಗೆ ಅದರ ಮುಂದೆ ಯಾವ ಕ್ರೀಮೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪುನರ್ಪುಳಿಯ ರಸ, ಸಾರನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಮಾತ್ರ ಇಡಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ.

ಕುಡಂಪುಳಿಯ ನಿಜವಾದ ಜಾಗ ಮೀನಿನ ಪದಾರ್ಥ. ಮಣ್ಣಿನ ಚಟ್ಟಿಯಲ್ಲಿ ನೆನೆಸಿದ ಎರಡು ಮೂರು ಎಸಳು ಬಿದ್ದರೆ ಸಾಕು, ಹೊಗೆಯ ಪರಿಮಳವೂ ಸೇರಿ ಮರುದಿನಕ್ಕೆ ರುಚಿ ಇನ್ನೂ ಜಾಸ್ತಿ. ಒಣಗಿಸಿದ ಮೇಲೆ ಒಂದು ಕಿಲೋಗೆ 150 ಗ್ರಾಂ ಉಪ್ಪು, 50 ಮಿಲಿಲೀಟರ್ ತೆಂಗಿನೆಣ್ಣೆ ಸವರಿಟ್ಟರೆ ಮೆತ್ತಗಿದ್ದು ಬಹಳ ಕಾಲ ಬಾಳುತ್ತದೆ. ಮೀನು ತಿನ್ನದ ಮನೆಯಾದರೆ ಇದರ ಖರ್ಚು ಕಡಿಮೆ. ಆದರೂ ದಾರಿ ಇದೆ. ಕೊಡಗಿನವರ ಕಾಚಂಪುಳಿ ಇದೇ ಹಣ್ಣಿನದು. ಹಣ್ಣು ರಾಶಿ ಹಾಕಿ ಇಳಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಬಿಸಿಲೇ ಬೇಡ! ಮಳೆಗಾಲದ ಹಣ್ಣಿಗೆ ಇದಕ್ಕಿಂತ ಜಾಣ ಉಪಾಯ ನನಗಂತೂ ಕಂಡಿಲ್ಲ. ಶಿರಸಿ, ಸಿದ್ದಾಪುರದ ಕಡೆ ಕುಡಂಪುಳಿಯನ್ನೇ ಉಪ್ಪಾಗೆ ಅಂತಾರೆ, ಬೀಜದ ತುಪ್ಪವನ್ನು ಅಡುಗೆಗೂ ಬಳಸುತ್ತಾರೆ.

ತೂಕ ಇಳಿಸುತ್ತದೆ ಅಂತ ಕುಡಂಪುಳಿ ಸಾರದ ಮಾತ್ರೆಗಳು ಮಾರಾಟವಾಗುತ್ತವೆ, ಅದನ್ನು ನೋಡಿ ಮರ ನೆಡಬೇಡಿ. ಅಂಥ ಮಾತ್ರೆ ತಿಂದವರಿಗೆ ಲಿವರ್ ತೊಂದರೆಯಾದ ವರದಿಗಳಿವೆ. ಅಡುಗೆಗೆ ಹಾಕುವ ನಾಲ್ಕು ಎಸಳಿನ ವಿಷಯ ಬೇರೆ.

ನಿಮಗೆ ಗುಡ್ಡೆಯೂ ಇದೆ, ತೋಟವೂ ಇದೆ. ಮೀನು ತಿನ್ನುವವರಾದರೆ ಮೇಲೆ ಒಂದು, ಕೆಳಗೆ ಒಂದು ನೆಟ್ಟುಬಿಡಿ. ಕಸಿಗಿಡಕ್ಕೆ ಮೇ ತಿಂಗಳಲ್ಲೇ ಹೇಳಿಡಿ. ಮಳೆ ಶುರುವಾದ ಮೇಲೆ ಹೋದರೆ ಬೇರೆಯವರು ಆರಿಸಿ ಬಿಟ್ಟ ಗಿಡಗಳೇ ಸಿಗುವುದು.